ಏಳದ ಕಂಪ್ಯೂಟರಿನಿಂದ ಕಡತಗಳನ್ನು ಉಳಿಸಿಕೊಳ್ಳುವ ಕ್ರಮ

ರಾಜಗೋಪಾಲನಗರದ ಕಾರ್ಖಾನೆಯಲ್ಲಾಗಲಿ ಗ್ರಾಮ ಮುಖಂಡರ ಮನೆಯಲ್ಲಾಗಲಿ, ಪಹಣಿಯ ನಕಲು, ಗುತ್ತಿಗೆಯ ಲೆಕ್ಕ ಮುಂತಾದುವನ್ನಿಟ್ಟ ಹಳೆಯ ಕಂಪ್ಯೂಟರು ಏಳದೆ ಹೋದಲ್ಲಿ ಒಡನೆಯೇ ಅದನ್ನು ಗುಜರಿಗೆ ಹಾಕತಕ್ಕದ್ದಲ್ಲ. ಅನೇಕ ವೇಳೆ ಕೆಟ್ಟಿರುವುದು ವಿಂಡೋಸ್ ವ್ಯವಸ್ಥೆಯೇ ಹೊರತು ಕಡತಗಳಲ್ಲ.

2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಹೊರತಂದ ಪಪ್ಪಿ ಲಿನಕ್ಸ್ ಪೆನ್‌ಡ್ರೈವಿನಿಂದಲೇ ಎದ್ದು ರ‍್ಯಾಮಿನಲ್ಲಿ ನಡೆಯುವುದು. ಒಳಗಿನ ಡಿಸ್ಕಿನ ಹಂಗು ಅದಕ್ಕಿಲ್ಲ. ಬೇರೊಂದು ಕಂಪ್ಯೂಟರಿನಲ್ಲಿ ಅದರ ಐಎಸ್‌ಒ ಕಡತವನ್ನು ಇಳಿಸಿಕೊಂಡು, ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯತಕ್ಕದ್ದು. ಅದರಲ್ಲಿ ಮೊದಲಿದ್ದುದೆಲ್ಲವೂ ಅಳಿಯುವುದರಿಂದ ಬರಿದಾದುದನ್ನೇ ಉಪಯೋಗಿಸಬೇಕು. ಅದನ್ನು ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಚಾಲೂ ಮಾಡಿದೊಡನೆ ಎಫ್12 ಅಥವಾ ಆ ಯಂತ್ರಕ್ಕೆ ನಿಯತವಾದ ಕೀಲಿಯನ್ನೊತ್ತಿ ಯುಎಸ್‌ಬಿಯನ್ನು ಆರಿಸತಕ್ಕದ್ದು. ಡಿಸ್ಕಿನ ಕಡತಗಳು ಕಂಡೊಡನೆ ಮತ್ತೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಇದಕ್ಕೆ ಮುನ್ನ ಡಿಸ್ಕಿನ ಮೇಲೆ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದರೆ ಕಡತಗಳು ನಾಶವಾದಾವು.

ಮುಂದಾದರೂ ಲೆಕ್ಕಪತ್ರಗಳನ್ನು ಬಿತ್ತನೆಬೀಜದಂತೆ ಎರಡು ಕಡೆ ಇಡುವುದು ಲೇಸು.