ನಗುವುದಕ್ಕೂ ಜೊತೆ ಬೇಕು

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ನಮ್ಮ ಸಯನ್‌ನಿಂದ ದೂರವಲ್ಲ. ಸ್ಲೋ ಲೋಕಲ್ ಹತ್ತಿದರೆ ಮಾಟುಂಗಾ, ದಾದರ್, ಆಮೇಲೆ ಪರೇಲ್. 1941ರಲ್ಲಿ ಶುರುವಾದ ಈ ಆಸ್ಪತ್ರೆಗೆ ಇಡೀ ದೇಶದಿಂದ ಜನ ಬರುತ್ತಾರೆ. ಸ್ತನ ಕ್ಯಾನ್ಸರ್‌ಗೆ ಕೀಮೊ ತೆಗೆದುಕೊಳ್ಳಲು ಹೋಗುತ್ತಿದ್ದ ನನಗೆ ಸಂಜೆ ವಾಪಸು ಬರಲು ಮನೆಯಿತ್ತು. ಪಕ್ಕದಲ್ಲಿ ಕೂರುತ್ತಿದ್ದ ವಿಜಯಪುರ ಕಡೆಯ ಅಕ್ಕನಿಗೆ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯೇ ಮನೆ.

ಇಬ್ಬರಿಗೂ ಅದೇ ಕೆಂಪು ಔಷಧಿ. ಅದು ಒಳಗೆ ಹೋದ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ. ನಾನು ಸ್ಕಾರ್ಫ್ ಬಿಗಿ ಮಾಡಿಕೊಳ್ಳುತ್ತಿದ್ದಾಗ ಆಕೆ ತಲೆಯ ಮೇಲಿನ ಸೆರಗು ಸರಿಸಿ, “ನೋಡ್ರಿ ಅಕ್ಕಾರ, ನಮ್ಮ ಮನಿಯವರದೂ ನಂದೂ ಜೋಡಿ ಈಗ ಸರಿಹೋತು” ಅಂದಳು. ಹಿಂದೆ ನಿಂತಿದ್ದ ಗಂಡ ನಾಚಿಕೊಂಡು ಟೋಪಿ ಹಾಕಿಕೊಂಡರು. ಅಕ್ಕಪಕ್ಕದ ಮರಾಠಿ ಹೆಂಗಸರಿಗೆ ನಾನು ಆ ಮಾತನ್ನು ದಾಟಿಸಿದೆ. ಸಾಲಿಗೆ ಸಾಲೇ ನಕ್ಕಿತು. ಕಾಯಿಲೆಯ ಬಗ್ಗೆ ಮೊದಲ ತಮಾಷೆ ಮಾಡುವ ಹಕ್ಕು ಕಾಯಿಲೆ ಬಿದ್ದವರದು. ಉಳಿದವರು ಆಮೇಲೆ ಸೇರಿಕೊಳ್ಳಬೇಕು.

ಇದು ನಮ್ಮ ಮೇಲಿನ ಮಹಡಿಯ ರಾಯರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಕೀಮೊ ಆದ ಎರಡನೇ ವಾರ ರಕ್ತದ ಬಿಳಿಕಣ ಇಳಿದಿರುತ್ತದೆ, ಸೋಂಕಿನ ಭಯಕ್ಕೆ ಜನರಿಂದ ದೂರವಿರಬೇಕು. ರಾಯರು ನನ್ನ ಮಗನ ಮೂಲಕ ಒಪ್ಪಿಗೆ ಕೇಳಿ, ಮಾಸ್ಕ್ ಹಾಕಿಕೊಂಡು ಬಾಗಿಲಾಚೆ ನಿಂತು, “ಎಲವೋ ಅರ್ಬುದಾಸುರ! ಬಾಡಿಗೆ ಕೊಡದೆ ಬಂದು ಕುಳಿತವನೇ, ಎದ್ದು ಹೊರಡು!” ಎಂದು ಗುಡುಗಿದರು. ಎದುರು ಮನೆಯ ಗುಜರಾತಿ ಬೆನ್ ಏನು ಜಗಳವೋ ಎಂದು ಓಡಿ ಬಂದರು. ಅಷ್ಟು ನಕ್ಕು ತಿಂಗಳುಗಳೇ ಆಗಿದ್ದವು.

ನಮ್ಮ ಭಜನೆಯ ಗೆಳತಿಯರು “ಏನಾದರೂ ಬೇಕಾದರೆ ಹೇಳಿ” ಎನ್ನಲಿಲ್ಲ. ಬುಧವಾರ ಗಂಜಿ ಒಬ್ಬರದು, ಶುಕ್ರವಾರ ಸಾರು ಇನ್ನೊಬ್ಬರದು ಎಂದು ಹಂಚಿಕೊಂಡರು. ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಅದಕ್ಕೆ ಕಾರು ಯಾರದು ಎಂಬುದೂ ಮೊದಲೇ ತೀರ್ಮಾನವಾಗಿತ್ತು.

ಧರ್ಮಶಾಲೆಯಲ್ಲಿದ್ದ ಆ ಅಕ್ಕನಿಗೆ ಇದ್ಯಾವುದೂ ಇರಲಿಲ್ಲ. ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸುವವರೂ ಇರಲಿಲ್ಲ. ಮುಂಬಯಿ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ: ವಾರಕ್ಕೊಂದು ಗಂಟೆ ಬಿಡುವು ಮಾಡಿಕೊಂಡು ಆ ಧರ್ಮಶಾಲೆಯಲ್ಲಿ ವಿಚಾರಿಸಿ, ನಮ್ಮ ಊರ ಕಡೆಯವರು ಯಾರಿದ್ದಾರೆಂದು. ಅವರ ಜೊತೆ ಕೂತು ಕನ್ನಡದಲ್ಲಿ ಮಾತಾಡಿ.