ಲಕ್ವಾ ವಾಸಿಯಾದರೂ ಯಜಮಾನರು ಮೊದಲಿನಂತಿಲ್ಲ, ಏಕೆ?

“ಕೈಕಾಲು ಆಡುತ್ತಿದೆ ಹಕೀಮ್ ಸಾಹೇಬರೇ, ಆದರೆ ಯಜಮಾನರು ಮೊದಲಿನ ಹಾಗಿಲ್ಲ.” ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರ ಪತ್ನಿಯರು ನಮ್ಮ ಕುಪ್ಪಗಡ್ಡೆ, ಸೊರಬದ ಕಡೆ ಹೇಳುವ ಮಾತಿದು. ತಟ್ಟೆಯ ಎಡಬದಿಯ ಅನ್ನವನ್ನು ಹಾಗೇ ಬಿಟ್ಟು ‘ಇಷ್ಟೇ ಬಡಿಸಿದ್ದಾ?’ ಎನ್ನುತ್ತಾರೆ. ಯಾರಾದರೂ ಸಲಾಮ್ ಹೇಳಿದರೂ ಅಳುತ್ತಾರೆ. ವುಝೂ ಮಾಡುವಾಗ ತಣ್ಣೀರು ತಾಗಿದರೆ ಬೆಂಕಿ ಸೋಕಿದಂತೆ ಕೈ ಹಿಂದೆಳೆದುಕೊಳ್ಳುತ್ತಾರೆ. ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಹೊಸದೇನೂ ಕಾಣುವುದಿಲ್ಲ. ಆಗ ಮನೆಯಲ್ಲಿ ಒಬ್ಬರು ಹಠ ಎನ್ನುತ್ತಾರೆ, ಇನ್ನೊಬ್ಬರು ನಾಟಕ ಎನ್ನುತ್ತಾರೆ, ಮತ್ತೊಬ್ಬರು ಜಿನ್ನ್ ಎಂದು ತಾವೀಝ್ ಹುಡುಕುತ್ತಾರೆ.

ದುಆ ಮಾಡಿ, ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಈ ಮೂರೂ ಲಕ್ಷಣಗಳು ವೈದ್ಯರಿಗೆ ಪರಿಚಿತವಾದವು. ನಾವು ಎಲ್ಲದಕ್ಕೂ ಲಕ್ವಾ ಎನ್ನುತ್ತೇವೆ. ಯುನಾನಿಯಲ್ಲಿ ಲಕ್ವಾ ಎಂದರೆ ಮುಖ ಸೊಟ್ಟಗಾಗುವುದು; ಅರ್ಧ ದೇಹ ಸ್ವಾಧೀನ ತಪ್ಪುವುದಕ್ಕೆ ಫಾಲಿಜ್ ಎಂದು ಹೆಸರು. ಎರಡಾಗಿ ಸೀಳುವುದು ಎಂಬರ್ಥದ ಅರಬಿ ಮೂಲದಿಂದ ಬಂದ ಪದವದು. ಆ ಸೀಳು ಕೈಕಾಲಿಗೆ ಮಾತ್ರ ಸೀಮಿತವಲ್ಲ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಕಣ್ಣು ಸರಿಯಿದ್ದರೂ ಎಡಬದಿಯ ಕಡೆ ಗಮನವೇ ಹರಿಯುವುದಿಲ್ಲ. ಗಡ್ಡದ ಒಂದೇ ಬದಿ ಬಾಚಿಕೊಳ್ಳುತ್ತಾರೆ, ಎಡಗೈ ತೊಳೆಯದೆಯೇ ವುಝೂ ಆಯಿತು ಎನ್ನುತ್ತಾರೆ. ಇದು ಮರೆವೂ ಅಲ್ಲ, ಉದಾಸೀನವೂ ಅಲ್ಲ. ತಟ್ಟೆಯನ್ನು ತಿರುಗಿಸಿಕೊಡಿ. ಅವರ ಎಡಕ್ಕೆ ಕುಳಿತು ಮಾತಾಡಿಸಿ, ಎಡಕ್ಕೆ ನೋಡುವಂತೆ ನೆನಪಿಸುತ್ತಿರಿ. ರಸ್ತೆ ದಾಟಲು, ಬೈಕ್ ಓಡಿಸಲು ಒಬ್ಬರನ್ನೇ ಬಿಡಬೇಡಿ.

ಕಾರಣವಿಲ್ಲದೆ ಉಕ್ಕಿ ಬರುವ ಅಳು, ಕೆಲವರಲ್ಲಿ ನಗು, ಭಾವನೆಯನ್ನು ಹಿಡಿತದಲ್ಲಿಡುವ ನರಮಾರ್ಗಕ್ಕೆ ಏಟು ಬಿದ್ದದ್ದರಿಂದ ಆಗುವಂಥದ್ದು. ರೋಗಿಗೇ ಅದರಿಂದ ನಾಚಿಕೆ. ಸಮಾಧಾನಪಡಿಸಲು ಹೋಗದೆ ಮಾತು ಬದಲಿಸಿ, ಬೇಗ ನಿಲ್ಲುತ್ತದೆ. ಆದರೆ ನಿದ್ದೆ, ಊಟ, ಮೊಮ್ಮಕ್ಕಳು ಯಾವುದೂ ಬೇಡವೆಂದು ವಾರಗಟ್ಟಲೆ ಮಂಕಾಗಿದ್ದರೆ ಅದು ಖಿನ್ನತೆ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಅದು ಕಾಡುತ್ತದೆ. ಎರಡಕ್ಕೂ ಔಷಧಿಯಿದೆ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಉರಿನೋವನ್ನು ಮನೆಯವರು ನಂಬುವುದು ಬಹಳ ಕಷ್ಟ, ಏಕೆಂದರೆ ಚರ್ಮದಲ್ಲಿ ಗಾಯವಿಲ್ಲ, ಊತವಿಲ್ಲ. ಮೆದುಳಿನೊಳಗೆ ಸ್ಪರ್ಶದ ಸುದ್ದಿ ಹಾದುಹೋಗುವ ಥಲಾಮಸ್ ಎಂಬ ಭಾಗ ಕೆಟ್ಟರೆ ತಣ್ಣೀರು, ಬಟ್ಟೆ ಸೋಕಿದ್ದೂ ಉರಿಯಾಗಿ ತಲುಪಬಹುದು. ಪ್ಯಾರಿಸ್‌ನ ವೈದ್ಯರಾದ ದೆಜೆರಿನ್ ಮತ್ತು ರೂಸಿ 1906ರಲ್ಲೇ ಇದನ್ನು ವಿವರಿಸಿದ್ದರು. ಕಾಯಿಲೆ ಬಂದು ವಾರ, ತಿಂಗಳುಗಳ ನಂತರ ಶುರುವಾಗುವುದರಿಂದ ಹಳೆಯ ಕಾಯಿಲೆಗೂ ಇದಕ್ಕೂ ಸಂಬಂಧವಿದೆಯೆಂದು ಹೊಳೆಯುವುದಿಲ್ಲ. ಸಾಮಾನ್ಯ ನೋವಿನ ಮಾತ್ರೆ ಇದಕ್ಕೆ ಹೆಚ್ಚು ನಾಟುವುದಿಲ್ಲ. ನರದ ನೋವಿನ ಔಷಧಿಗಳೇ ಬೇರೆ. ವುಝೂಗೆ ಉಗುರುಬೆಚ್ಚಗಿನ ನೀರು ಕೊಡಿ. ಅದೂ ಆಗದಿದ್ದರೆ ತಯಮ್ಮುಮ್ ಬಗ್ಗೆ ನಿಮ್ಮ ಮಸೀದಿಯ ಹಜ್ರತರನ್ನು ಕೇಳಿ. ಬಿಸಿ ಎಣ್ಣೆಯ ಮಾಲೀಶು ಬೇಡ. ಸ್ಪರ್ಶಜ್ಞಾನವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಪಾರಿವಾಳದ ರಕ್ತ ಹಚ್ಚಿದರೆ ವಾಸಿಯಾಗುತ್ತದೆಂಬ ಮಾತನ್ನಂತೂ ಬಿಟ್ಟುಬಿಡಿ.

ವೈದ್ಯರ ಮುಂದೆ ಹತ್ತು ನಿಮಿಷ ಸಿಗುವುದೇ ಕಷ್ಟ, ಅದರಲ್ಲಿ ಅರ್ಧ ಸಮಯ ನೆನಪಿಸಿಕೊಳ್ಳಲು ಹೋಗುತ್ತದೆ. ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಏನಾಯಿತು, ಯಾವ ಹೊತ್ತಿಗೆ, ಎಷ್ಟು ನಿಮಿಷ, ಯಾವ ಮಾತ್ರೆ ಶುರುಮಾಡಿದ ಮೇಲೆ ಎಂದು ಬರೆಯಿರಿ. ಮೊಬೈಲಿನಲ್ಲಿ ವೀಡಿಯೊ ಮಾಡಿಕೊಳ್ಳಿ. ಸೊರಬದ ತಾಲ್ಲೂಕು ಆಸ್ಪತ್ರೆಯಲ್ಲಿ ಉತ್ತರ ಸಿಗದಿದ್ದರೆ ಶಿವಮೊಗ್ಗದ ಮೆಗ್ಗಾನ್‌ಗೆ, ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವಾಗ ಅದೇ ಪುಸ್ತಕ ಕೈಯಲ್ಲಿರಲಿ.

ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ಕಾಯಬೇಡಿ. ನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈ ಜೋತುಬೀಳುವುದು ಹಠಾತ್ತನೆ ಮತ್ತೆ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡುವಂಥದ್ದು, ನಮ್ಮೂರಿನಿಂದ ದಾರಿಯೂ ದೂರ.

ಯುನಾನಿ ಔಷಧಿ ತೆಗೆದುಕೊಳ್ಳುವವರಾದರೆ ಬಿಪಿ, ಸಕ್ಕರೆ, ರಕ್ತ ತೆಳುಗೊಳಿಸುವ ಮಾತ್ರೆಗಳನ್ನು ನಿಲ್ಲಿಸಿ ನಮ್ಮಲ್ಲಿಗೆ ಬರಬೇಡಿ. ಚೀಟಿಗಳನ್ನೆಲ್ಲ ಹಕೀಮರಿಗೆ ತೋರಿಸಿ. ಕೆಲವು ಮಾಜೂನ್, ಕುಶ್ತಾಗಳು ಆ ಮಾತ್ರೆಗಳ ಜೊತೆ ಹೊಂದಿಕೊಳ್ಳದೇ ಇರಬಹುದು.