ಸಂಡೂರಿಗೆ ಹೋಗುವುದಾದರೆ ದಿನದ ಬಹುಪಾಲು ಕಸೂತಿಗೆ ಇಡಿ

ಹಂಪಿಗೆ ಬಂದವರು ಸಂಡೂರಿಗೆ ಕೊಡುವುದು ಅರ್ಧ ದಿನ. ಕುಮಾರಸ್ವಾಮಿ ಗುಡಿ, ನಾರಿಹಳ್ಳದ ಅಣೆಕಟ್ಟು ನೋಡಿ ಹೊರಟುಬಿಡುತ್ತಾರೆ. ಅವೆರಡನ್ನೂ ಬೆಳಿಗ್ಗೆಯೇ ಮುಗಿಸಿ, ಉಳಿದ ಹೊತ್ತನ್ನು ಪೂರ್ತಿಯಾಗಿ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿಗೆ ಮೀಸಲಿಡಿ. ಈ ಸೀಮೆಯ ಗಣಿಯ ಕಥೆ ಎಲ್ಲೆಡೆ ಅದಿರಿನ ಟನ್ನು, ಲಾರಿ, ಲೋಕಾಯುಕ್ತ ವರದಿ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ಕೆಲಕಾಲ ನಿಲ್ಲಿಸಿದ್ದು, ಇಷ್ಟರಲ್ಲೇ ಮುಗಿಯುತ್ತದೆ. ಇದೇ ಗುಡ್ಡಗಳಲ್ಲಿ ಅದಿರು ಒಡೆದು, ಹೆಕ್ಕಿ, ಬುಟ್ಟಿ ಹೊತ್ತ ಲಂಬಾಣಿ ಹೆಂಗಸರು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಅವರ ಬದುಕನ್ನು ತಿಳಿಯಬೇಕಾದರೆ ಅವರು ಕೂತು ಹೊಲಿಯುವಲ್ಲಿಗೇ ಹೋಗಬೇಕು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದ ಲಂಬಾಣಿ ಜನ ರೈಲು ಬಂದ ಮೇಲೆ ಆ ವ್ಯಾಪಾರ ಕಳೆದುಕೊಂಡು ತಾಂಡಾಗಳಲ್ಲಿ ನೆಲೆನಿಂತರು. ಅವರ ಪೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳ ಮೇಲಿನ ಕವಡೆ, ನಾಣ್ಯ, ಕನ್ನಡಿಗಳನ್ನು ಆ ಅಲೆದಾಟವನ್ನು ನೆನಪಿಟ್ಟುಕೊಂಡೇ ನೋಡಬೇಕು.

ಬಡವರ ಕಷ್ಟ ಕೇಳಲು ಟಿಕೆಟ್ ತೆಗೆದುಕೊಂಡು ಹೋಗುವುದು ಸರಿಯೇ ಎಂಬ ಆಕ್ಷೇಪವಿದೆ. ಅದು ನ್ಯಾಯವಾದದ್ದೇ. ಹೋದ ಕೂಡಲೇ ಕ್ಯಾಮೆರಾ ಹಿಡಿದು ‘ನಿಮ್ಮ ಕಥೆ ಹೇಳಿ’ ಎನ್ನುವುದು ದಬ್ಬಾಳಿಕೆ. ಕಲಿಯಲು ಕೂತರೆ ಮಾತ್ರ ಸಂಬಂಧ ತಿರುಗುಮುರುಗಾಗುತ್ತದೆ: ಕಲಿಸುವವರು ಅವರು, ತಪ್ಪು ಹೊಲಿಗೆ ಬಿಚ್ಚುವವರು ನೀವು. ಕಿಲನ್, ವೇಲೆ, ನಕ್ರಾ ಮುಂತಾಗಿ ಹದಿನಾಲ್ಕು ಬಗೆಯ ಹೊಲಿಗೆಗಳಲ್ಲಿ ಒಂದು ಕೈಗೆ ಹತ್ತುವಷ್ಟರಲ್ಲಿ ಹೊತ್ತು ಸಾಕಷ್ಟು ಕಳೆಯುತ್ತದೆ. ಮಾತು ಬರುವುದಿದ್ದರೆ ಆಗ ತಾನಾಗಿ ಬರುತ್ತದೆ, ಬಾರದಿದ್ದರೆ ಅದು ಅವರ ಹಕ್ಕು. ತಮ್ಮತಮ್ಮಲ್ಲಿ ತಮ್ಮ ಭಾಷೆ ಗೋರ್‌ಬೋಲಿಯಲ್ಲಿ ಆಡುವ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿ ಎಂದು ಪೀಡಿಸಬೇಡಿ. ಅರ್ಧ ಗಂಟೆಯಲ್ಲಿ ತಾಂಡಾ ಸುತ್ತಿಸಿ ಹಾಡು ಹೇಳಿಸುತ್ತೇನೆ ಎನ್ನುವ ಗೈಡ್ ಸಿಕ್ಕರೆ ಖಂಡಿತ ಒಪ್ಪಿಕೊಳ್ಳಬೇಡಿ. ಆ ದುಡ್ಡಿನಲ್ಲಿ ಹೊಲಿದವಳಿಗೆ ಎಷ್ಟು ಸೇರುತ್ತದೆಂದು ಕೇಳಿ ನೋಡಿ, ಉತ್ತರ ಹಾರಿಕೆಯದಾಗಿರುತ್ತದೆ.

ಮಾರುಕಟ್ಟೆಗಾಗಿ ಮಾಡಿದ ದಿಂಬುಚೀಲ, ಕೈಚೀಲಗಳು ಅಸಲಿ ಕಲೆಯಲ್ಲ ಎಂದು ಮೂಗು ಮುರಿಯುವವರೂ ಇದ್ದಾರೆ. ಮಗಳ ಮದುವೆಗೆ ವರ್ಷಗಟ್ಟಲೆ ಹೊಲಿದ ಬಟ್ಟೆಗೂ ಆರ್ಡರಿನ ಚೀಲಕ್ಕೂ ವ್ಯತ್ಯಾಸವಿರುವುದು ನಿಜ. ಆದರೆ ಕೂಲಿ ಬರುವ ಕಾರಣಕ್ಕೆ ಕೌಶಲ ಕಡಿಮೆಯಾಗುವುದಿಲ್ಲ. ಗಂಡಸರ ಗಣಿ ಸಂಬಳವನ್ನು ಯಾರೂ ಅಸಲಿಯೋ ನಕಲಿಯೋ ಎಂದು ಕೇಳುವುದಿಲ್ಲವಲ್ಲ! 2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಇದು ಒಬ್ಬಿಬ್ಬರ ಹವ್ಯಾಸವಲ್ಲ, ನೂರಾರು ಮನೆಗಳ ದುಡಿಮೆ. ಬೆಲೆ ಜಾಸ್ತಿ ಅನ್ನಿಸಿದರೆ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ, ಚೌಕಾಸಿ ಮಾಡುವ ಮನಸ್ಸಾಗುವುದಿಲ್ಲ.

ಸಂಡೂರು ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್, ಬಸ್ಸಿದೆ. ದಾರಿಯಲ್ಲಿ ಅದಿರು ಲಾರಿಗಳಿಂದ ಕೆಂಪು ದೂಳು, ಮೂಗಿಗೆ ಬಟ್ಟೆ ಇರಲಿ. ಮಳೆ ಮುಗಿದ ಮೇಲಿನ ತಿಂಗಳುಗಳೇ ಒಳ್ಳೆಯವು. ಕಲಿಸುವವರು ಇರುತ್ತಾರೋ, ಎಷ್ಟು ಕೊಡಬೇಕೋ ಮೊದಲೇ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿ, ಹಬ್ಬದ ದಿನ ಮಾತ್ರ ಹೋಗಬೇಡಿ.